ಹೊಗೆಪಾಲು: ಕಾಲು ಸುತ್ತು ತಿರುಗಿದ ಗೂಡು

"ಕಣ್ತುಂಬ ನೋಡ್ಕೊಳ್ಳಿ ಮೇಡಂ. ಹೋದ ಮಳೆಗಾಲದಲ್ಲೇ ಇದರ ಕಥೆ ಮುಗೀತು," ಎಂದು ಮ್ಯಾನೇಜರ್ ಕೈ ಚಾಚಿದ. ತೀರಿಕೊಂಡ ಅಜ್ಜನ ಫೋಟೋ ತೋರಿಸುವವನ ಗಾಂಭೀರ್ಯ ಅವನ ಮುಖದಲ್ಲಿತ್ತು.

ಇನ್‌ಸ್ಪೆಕ್ಟರ್ ಕಟ್ಟೆಯ ಕಂಬಿಗೆ ಆತುಕೊಂಡು ನೋಡಿದಳು. ಎದುರಿಗೆ ಕಾರ್ಖಾನೆಯ ಹಳೆ ಗೂಡು ಅಡ್ಡಡ್ಡ ಮಲಗಿತ್ತು. ಗೂಡು ಅಂದರೆ ಇಟ್ಟಿಗೆಯ ಗುಡಿಸಲಲ್ಲ. ಒಳಗೆ ಬಸ್ಸೇ ನುಗ್ಗುವಷ್ಟು ದಪ್ಪದ, ತುಸು ಇಳಿಜಾರಾಗಿ ಮಲಗಿಸಿದ ಉಕ್ಕಿನ ಕೊಳವೆ. ಉರಿಯುವಾಗ ಅದು ಸದಾ ಮೆಲ್ಲಗೆ ಉರುಳುತ್ತಿರುತ್ತದೆ. ಒಂದು ತುದಿಯಿಂದ ಸುಣ್ಣಕಲ್ಲಿನ ಪುಡಿ ಸುರಿದರೆ ಇನ್ನೊಂದು ತುದಿಯಿಂದ ಕ್ಲಿಂಕರ್ ಎಂಬ ಕಪ್ಪು ಉಂಡೆಗಳು ಬೀಳುತ್ತವೆ, ಅದನ್ನು ಅರೆದರೆ ಸಿಮೆಂಟು. ಆದರೆ ಅರೆಯುವ ಗಿರಣಿಗಳೆಲ್ಲ ಗಡಿಯಾಚೆ, ಕೆಳಸೀಮೆಯಲ್ಲಿ. ಸುಡುವುದು ಮೇಲ್ಸೀಮೆ, ಕಟ್ಟಡ ಏಳುವುದು ಕೆಳಸೀಮೆಯಲ್ಲಿ.

ಅಂಥದೇ ಕ್ಲಿಂಕರ್ ಲಾರಿಯಲ್ಲಿ ನಿನ್ನೆ ಒಂದು ಹೆಣವೂ ಗಡಿ ದಾಟಿತ್ತು.

"ಹತ್ತಿರ ಹೋಗಬಹುದಾ?"

"ಅಯ್ಯೋ ಬೇಡಿ. ತುಕ್ಕು ಹಿಡಿದ ಮುದಿಗೂಡು. ಏನಾದ್ರೂ ಕಳಚಿ ಮೇಲೆ ಬಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

"ಇಲ್ಲಿವರೆಗೂ ಝಳ ಹೊಡೀತಿದೆ."

"ಪಕ್ಕದಲ್ಲೇ ಹೊಸ ಗೂಡು ಉರೀತಿದೆಯಲ್ಲ ಮೇಡಂ. ಒಲೆ ಪಕ್ಕ ಇಟ್ಟ ಪಾತ್ರೆ ತಣ್ಣಗಿರುತ್ತಾ?"

ಉತ್ತರವನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡವರ ಮೇಲೆ ಅವಳಿಗೆ ಯಾವಾಗಲೂ ಗುಮಾನಿ. ಆದರೆ ಗುಮಾನಿಯಿಂದ ಯಾರ ಕೈಗೂ ಬೇಡಿ ಬೀಳುವುದಿಲ್ಲ, ಬಿದ್ದ ಬೇಡಿ ಕಳಚುವುದೂ ಇಲ್ಲ. ಇವತ್ತು ಅವಳಿಗೆ ತುರ್ತಾಗಿ ಆಗಬೇಕಾಗಿದ್ದದ್ದು ಎರಡನೆಯದು.

ಸತ್ತವನು ಹೊಗೆಪಾಲಿನ ಸರ್ವೇಯರ್, ಊರವರ ಬಾಯಲ್ಲಿ ಹೊಗೆ ಸಾಹೇಬರು. ಮೊದಲೆಲ್ಲ ಚಿಮಣಿ ಎಲ್ಲಿದೆಯೋ ಆ ಸೀಮೆಯ ತಲೆಗೇ ಹೊಗೆಯ ಪಾಪ ಕಟ್ಟುತ್ತಿದ್ದರು. ಕೆಳಸೀಮೆಯವರು ಗಾಜಿನ ಗೋಪುರದಂಥ ಮನೆಗಳಲ್ಲಿ ಕೂತು, ಮೇಲ್ಸೀಮೆಯವರು ಗಾಳಿ ಕೆಡಿಸುತ್ತಾರೆ ಎಂದು ಮೂಗು ಮುರಿಯುತ್ತಿದ್ದರು. ಹೊಸ ಕಾಯಿದೆ ಬಂದು ಅದನ್ನು ತಿರುವುಹಾಕಿತು. ಸರಕು ಯಾರು ಬಳಸುತ್ತಾರೋ ಅದನ್ನು ಮಾಡುವಾಗ ಎದ್ದ ಹೊಗೆಯೂ ಅವರದೇ ಪಾಲು. ಅಷ್ಟಾದದ್ದೇ ತಡ, ಕೆಳಸೀಮೆಯವರು ಕಲ್ಲಿದ್ದಲ ಗೂಡಿನ ಕ್ಲಿಂಕರ್ ಬೇಡವೇ ಬೇಡ ಎಂದು ಕೂತರು. ಕಾರ್ಖಾನೆ ತನ್ನ ಕಲ್ಲಿದ್ದಲ ಗೂಡನ್ನು ಮುಚ್ಚಿದೆವೆಂದು ಸಾರಿ, ಅನಿಲದಲ್ಲಿ ಉರಿಯುವ ಹೊಸ ಗೂಡಿನ ಮಾಲನ್ನೇ ಕಳಿಸುತ್ತಿದ್ದೇವೆ ಎಂದಿತು. ಒಂದು ಗೂಡಿನಿಂದ ಇಷ್ಟೊಂದು ಲಾರಿ ಹೇಗೆ ತುಂಬುತ್ತದೆ ಎಂದು ಕೇಳಿದ ಒಬ್ಬನೇ ಒಬ್ಬನೆಂದರೆ ಹೊಗೆ ಸಾಹೇಬ. ಈಗ ಅವನು ಗಡಿಯಾಚೆಯ ಶವಾಗಾರದಲ್ಲಿದ್ದ.

ಅವನ ಹೆಣಕ್ಕೂ ಹೊಗೆಯ ಗತಿಯೇ ಬಂದಿತ್ತು. ಹೆಣ ನಿಮ್ಮಲ್ಲಿ ಸಿಕ್ಕಿತು, ಕೇಸು ನಿಮ್ಮದು ಎಂದು ಈ ಕಡೆಯವರು. ನಿಮ್ಮಿಂದ ಬಂತು, ನಿಮ್ಮದು ಎಂದು ಆ ಕಡೆಯವರು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತು: ಸರಕು ಸುರಿದು ಊರಿಗೆ ಮರಳಿದ್ದ ಲಾರಿ ಡ್ರೈವರನ್ನು ಹಿಡಿದು ಕೆಳಸೀಮೆಗೆ ಒಪ್ಪಿಸಿಬಿಡುವುದು. ಕೈ ತೊಳೆದುಕೊಳ್ಳಲು ಇಬ್ಬರಿಗೂ ಒಂದೇ ಬಿಂದಿಗೆ ಸಿಕ್ಕ ಹಾಗಾಯಿತು.

"ಟಾರ್ಪಾಲ್ ಹೊದಿಸುವಾಗ ಒಳಗೆ ನೋಡಲಿಲ್ಲ ತಾಯಿ, ಧೂಳು ಕಣ್ಣಿಗೆ ಬೀಳುತ್ತೆ," ಎಂದು ಡ್ರೈವರ್ ಬೆಳಗ್ಗೆ ಅತ್ತಿದ್ದ. "ಲೋಡ್ ಮಾಡುವಾಗ ಕನ್ನಡಿಯಲ್ಲಿ ಇಬ್ಬರ ಆಕಾರ ಕಂಡಿತ್ತು. ಇನ್ನೊಂದ್ಸಲ ನೋಡಿದ್ರೆ ಗುರುತು ಹಿಡೀತೀನಿ." ಅವನ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ಮಾತಿಲ್ಲದೆ ಕೂತಿದ್ದಳು. ಅಳುವವರನ್ನಾದರೂ ಸಮಾಧಾನ ಮಾಡಬಹುದು. ಅವಳ ಮುಂದೆ ಹಾದುಹೋಗುವಾಗ ಇನ್‌ಸ್ಪೆಕ್ಟರಿಗೆ ನಾಚಿಕೆಯಾಗಿತ್ತು.

ಹಿಂದಿನಿಂದ ಕೆಮ್ಮು ಕೇಳಿಸಿತು. ಅವಳ ದಫೇದಾರ ಏದುಸಿರು ಬಿಡುತ್ತ, ಒಂದೊಂದೇ ಪಾದ ಜೋಪಾನವಾಗಿ ಊರುತ್ತ ಕಟ್ಟೆ ಹತ್ತಿ ಬಂದ.

"ಅಮ್ಮಾ, ಮೇಲಿಂದ ಮತ್ತೆ ಫೋನು. ಡ್ರೈವರನ್ನ ಇನ್ನೂ ಯಾಕೆ ಕಳಿಸಿಲ್ಲ ಅಂತಾರೆ. ಆಸಾಮಿ ಜೀಪಲ್ಲೇ ಇದ್ದಾನೆ."

"ಏನಯ್ಯಾ ಇದು ನಡಿಗೆ? ಮದುವೆ ಗಂಡಿನ ಹಾಗೆ?"

"ಹೊಸ ಬೂಟು ಅಮ್ಮಾ. ಕಚ್ತಾ ಇದೆ."

"ಅಬ್ಬಾ! ಆ ಸಣಬಿನ ದಾರದ ಬೂಟಿಗೆ ಕೊನೆಗೂ ಮುಕ್ತಿ ಸಿಕ್ತಾ?"

ದಫೇದಾರ ಹಲ್ಲು ಕಿರಿದ. ಬಲಗಾಲಿನ ಬೂಟಿಗೆ ಲೇಸಿನ ಬದಲು ಸಣಬಿನ ದಾರ ಕಟ್ಟಿಕೊಂಡು ಅವನು ವರ್ಷಗಟ್ಟಲೆ ನಡೆದಿದ್ದ. ಠಾಣೆಯಲ್ಲಿ ಎಲ್ಲರ ಬಾಯಿಗೂ ಅದೇ ಎಲೆಯಡಿಕೆ. ಅವಳು ಈ ಠಾಣೆಗೆ ಬಂದಾಗ ಹೆಂಗಸಿನ ಕೈಕೆಳಗೆ ಕೆಲಸ ಮಾಡಲು ಉಳಿದವರು ಗೊಣಗುಟ್ಟಿದರೆ ಇವನೊಬ್ಬ ಮೊದಲ ದಿನದಿಂದಲೇ ಅಮ್ಮಾ ಎಂದಿದ್ದ.

ಅವಳು ಅವನನ್ನು ಪಕ್ಕಕ್ಕೆ ಕರೆದಳು. "ಹೊರಡು. ಆದ್ರೆ ಗಡಿ ಹತ್ತಿರದ ಚಹಾ ಅಂಗಡಿಯಲ್ಲಿ ನಿಲ್ಲಿಸು. ನನ್ನ ಫೋನ್ ಬರೋವರೆಗೂ ದಾಟಬೇಡ. ಟಯರ್ ಪಂಕ್ಚರ್ ಆಯ್ತು ಅನ್ನು, ಹೊಟ್ಟೆನೋವು ಅನ್ನು, ಏನಾದ್ರೂ ಅನ್ನು."

"ಇಲ್ಲಿ ಏನಾದ್ರೂ ಸಿಗುತ್ತೆ ಅಂತೀರಾ?"

"ಸಿಕ್ಕರೆ ಅವನು ಮನೆಗೆ ಹೋಗ್ತಾನೆ."

"ಆಗಲಿ ಅಮ್ಮಾ," ಎಂದ ದಫೇದಾರ, ಸೊಂಟದ ಪಿಸ್ತೂಲು ಸರಿಮಾಡಿಕೊಂಡು, ಅದೇ ಮದುವೆ ಗಂಡಿನ ನಡಿಗೆಯಲ್ಲಿ ಇಳಿದು ಹೋದ.

ಅವಳಿಗೆ ಏನು ಸಿಗಬೇಕೆಂದು ಅವಳಿಗೆ ಗೊತ್ತಿತ್ತು. ಗಡಿಯಾಚೆಯ ಡಾಕ್ಟರು ಬೆಳಗ್ಗೆ ಫೋನಿನಲ್ಲಿ ಹೇಳಿದ್ದರು: ಮೈಮೇಲೆ ಪೆಟ್ಟಿಲ್ಲ, ಸತ್ತದ್ದು ವಿಷಗಾಳಿ ಕುಡಿದು, ಗಂಟಲಿನೊಳಗೆ ಕಲ್ಲಿದ್ದಲ ಮಸಿ. ಅಂದರೆ ಕಲ್ಲಿದ್ದಲ ಬೆಂಕಿಯ ಬಾಯಿಯ ಮುಂದೆ ನಿಂತು ಉಸಿರಾಡಿದ್ದಾನೆ. ಈ ಸುತ್ತಿನಲ್ಲಿ ಅಂಥ ಬೆಂಕಿ ಇರಲು ಸಾಧ್ಯವಿದ್ದದ್ದು ಈ ಹಳೆ ಗೂಡಿನಲ್ಲಿ ಮಾತ್ರ. ಇದು ಮೊನ್ನೆ ಉರಿಯುತ್ತಿತ್ತು ಎಂದು ತೋರಿಸಿದರೆ ಡ್ರೈವರ್ ಬಿಡುಗಡೆ.

ಉರಿಯುತ್ತಿತ್ತು ಎಂದರೆ ಉರಿಸಿದವನೊಬ್ಬ ಇರಬೇಕಲ್ಲ. ಈ ಗೂಡಿನ ಬೆಂಕಿ ಬಲ್ಲವನು ಒಬ್ಬನೇ. ಅವನು ಅವಳ ಒಡಹುಟ್ಟಿದ ಅಣ್ಣ.

ಬೆಳಗಿನಿಂದ ಆ ಯೋಚನೆ ಬಂದಾಗಲೆಲ್ಲ ಅವಳು ಬೇರೆ ಕಡೆ ತಿರುಗುತ್ತಿದ್ದಳು. ಹಳೆ ಗೂಡು ಮುಚ್ಚಿದ ಮೇಲೆ ನನ್ನನ್ನು ಹೊಸದಕ್ಕೆ ಹಾಕಿದ್ದಾರೆ ಎಂದು ಅಣ್ಣ ಅವಳಿಗೆ ಹೇಳಿದ್ದ. ಅತ್ತಿಗೆಯೂ ತಲೆಯಾಡಿಸಿದ್ದಳು. ಅಣ್ಣನ ಮಾತು ನಂಬಲು ಸಾಕ್ಷಿ ಬೇಕೆಂದು ಅವಳಿಗೆ ಹುಟ್ಟಿದಾಗಿನಿಂದ ಅನ್ನಿಸಿರಲಿಲ್ಲ.

ಮ್ಯಾನೇಜರ್ ಅವಳನ್ನು ತನ್ನ ಕೋಣೆಗೆ ಕರೆದೊಯ್ದು ಚಹಾ ತರಿಸಿದ. ಮಾತು ಕೊನೆ ಮೊದಲಿಲ್ಲದೆ ಹರಿಯಿತು. ಹೊಗೆ ಸಾಹೇಬರು ಒಳ್ಳೆಯವರು, ಪಾಪ, ಚಿಕ್ಕ ವಯಸ್ಸು, ಡ್ರೈವರ್‌ಗಳ ಸಹವಾಸ ಕೆಟ್ಟದ್ದು, ಅವರಿಬ್ಬರಿಗೂ ಏನೋ ಜಟಾಪಟಿ ಆಗಿತ್ತಂತೆ. ಅವಳು ಹೂಂ ಹೂಂ ಎನ್ನುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಎರಡು ಗೂಡು, ಒಂದೇ ಚಿಮಣಿಯಲ್ಲಿ ಹೊಗೆ. ಹಳೆ ಗೂಡಿನ ಬೆನ್ನಿನಿಂದ ದಪ್ಪ ಕೊಳವೆಯೊಂದು ಹೊಸ ಚಿಮಣಿಯ ಬುಡಕ್ಕೆ ಹೋಗಿತ್ತು. ಎರಡು ಒಲೆಯ ಹೊಗೆ ಒಂದೇ ಬಾಯಿಂದ ಹೋದರೆ ಹೊರಗಿನವರಿಗೆ ಗೊತ್ತಾಗುವುದಾದರೂ ಹೇಗೆ?

ಕೊಳವೆ ಹಳೆಯದು, ಬಿಚ್ಚಿಲ್ಲ ಅಷ್ಟೆ, ಎಂದು ಇವನು ಹೇಳುತ್ತಾನೆ. ಅದಕ್ಕೂ ಉತ್ತರ ತಯಾರಿರುತ್ತದೆ.

ಲೋಟ ಕೆಳಗಿಡಲು ಬಗ್ಗಿದವಳು ಹಾಗೆಯೇ ನಿಂತಳು.

ಹಳೆ ಗೂಡಿನ ಮೈಮೇಲೆ ಮೊರದಗಲದ ಒಂದು ತೇಪೆ ಇತ್ತು, ಎಂದೋ ಬೆಸುಗೆ ಹಾಕಿದ ಚೌಕ ತಗಡು. ಕಟ್ಟೆಯ ಮೇಲೆ ನಿಂತಾಗ ಅದು ಅವಳ ಮುಖಕ್ಕೆ ನೇರವಾಗಿತ್ತು. ಅವಳಿಗೆ ಚೆನ್ನಾಗಿ ನೆನಪಿದೆ. ಈಗ ಅದು ಮೇಲೆ, ಆಕಾಶ ನೋಡುತ್ತಿತ್ತು.

ಗೂಡು ಕಾಲು ಸುತ್ತು ತಿರುಗಿತ್ತು.

"ಸಕ್ಕರೆ ಕಡಿಮೆಯಾಯ್ತಾ ಮೇಡಂ?"

"ಇಲ್ಲ, ಸರಿಯಾಗಿದೆ. ಸ್ವಲ್ಪ ಕೈ ತೊಳೆದು ಬರ್ತೀನಿ."

ಅವಳು ಸರಸರನೆ ಮೆಟ್ಟಿಲಿಳಿದಳು. ತಣ್ಣಗಾದ ಗೂಡನ್ನು ಯಾರೂ ತಿರುಗಿಸುವುದಿಲ್ಲ, ಅದು ಬರೀ ಕಬ್ಬಿಣ. ಬೆಂಕಿ ಆರಿಸಿದ್ದರೂ ಒಳಗಿನ್ನೂ ಕೆಂಡವಾಗಿರುವ ಗೂಡನ್ನು ಮಾತ್ರ ಆಗಾಗ ಒಂಚೂರು ಹೊರಳಿಸುತ್ತಲೇ ಇರಬೇಕು. ಒಂದೇ ಮಗ್ಗುಲಲ್ಲಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಜೋತು ಅದರ ಬೆನ್ನು ಬಾಗುತ್ತದೆ, ಮತ್ತೆಂದೂ ನೆಟ್ಟಗಾಗುವುದಿಲ್ಲ. ಇದು ಅವಳಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಅಪ್ಪ ಇದೇ ಗೂಡಿನ ಬೆಂಕಿಯಾಳಾಗಿದ್ದ. ಗೂಡು ಆರಿಸಿದ ದಿನಗಳಲ್ಲಿ ಊಟದ ತಟ್ಟೆಯ ಮುಂದಿನಿಂದ ಎದ್ದು ಓಡುತ್ತಿದ್ದ. "ಹೆಂಡತಿ ನರಳಿದ್ರೂ ಇವರಿಗೆ ಎಚ್ಚರ ಆಗಲ್ಲ, ಗೂಡು ಹೊರಳಬೇಕು ಅಂದ್ರೆ ಎದ್ದು ಕೂತ್ಕೋತಾರೆ," ಎಂದು ಅಮ್ಮ ನೆರೆಯವರ ಮುಂದೆ ನಗುತ್ತಿದ್ದಳು.

ಪೊಲೀಸರು ಒಳಗಿರುವಾಗ ಮುಟ್ಟಬೇಡಿ ಎಂದು ಮ್ಯಾನೇಜರ್ ಖಂಡಿತ ಹೇಳಿರುತ್ತಾನೆ. ಆ ಮಾತು ಮೀರಿ ಗೂಡಿನ ಬೆನ್ನು ಉಳಿಸಲು ಬಂದವನು ಒಬ್ಬನೇ ಇರಲು ಸಾಧ್ಯ. ಇನ್ನೊಮ್ಮೆ ಬಂದೇ ಬರುತ್ತಾನೆ. ಅವಳು ಗೂಡಿನ ಅಡಿಯ ಮೋಟರು ಕೋಣೆಗೆ ನುಗ್ಗಿ, ಹೊರಳಿಸುವ ಸಣ್ಣ ಮೋಟರಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ಬರುವವನು ಅಣ್ಣನಾಗದಿರಲಿ ಎಂದು ಅವಳು ಬೇಡಿಕೊಂಡದ್ದು ನಿಜ.

ಬಾಗಿಲು ಕಿರುಗುಟ್ಟಿತು. ತಲೆಗೆ ಮಸಿಬಟ್ಟೆ ಸುತ್ತಿಕೊಂಡು, ಕೊರಳಲ್ಲಿ ಬೆಂಕಿ ನೋಡುವ ನೀಲಿ ಗಾಜು ತೂಗುಹಾಕಿಕೊಂಡು ಅಣ್ಣ ಒಳಗೆ ಬಂದ.

"ಗುಬ್ಬಿ?" ಎಂದ. ಅವಳನ್ನು ಹಾಗೆ ಕರೆಯುವವರು ಲೋಕದಲ್ಲಿ ಉಳಿದಿದ್ದದ್ದು ಅವನೊಬ್ಬನೇ.

"ಹೊಸ ಗೂಡಿನವನಿಗೆ ಇಲ್ಲೇನು ಕೆಲಸ ಅಣ್ಣಾ?"

ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ಕಣ್ಣು ಅವಳ ಬೆನ್ನ ಹಿಂದಿನ ಸ್ವಿಚ್ಚಿನ ಮೇಲಿತ್ತು.

"ತೇಪೆ ನೋಡ್ದೆ," ಎಂದಳು. "ತಿರುಗಿಸಿದ್ದು ನೀನೇ."

"ಪಕ್ಕಕ್ಕೆ ಸರಿ. ಹೊತ್ತಾಯ್ತು."

"ನಂಗೆ ಸುಳ್ಳು ಹೇಳಿದೆ. ನನ್ನೆದುರು ಕೂತು, ನನ್ನ ತಟ್ಟೆಗೆ ಬಡಿಸ್ತಾ ಸುಳ್ಳು ಹೇಳಿದೆ."

"ಇದನ್ನ ಮುಚ್ಚಿಬಿಟ್ರೆ ಕಾಲೋನಿಯ ಅರ್ಧ ಮನೆಗೆ ಬೀಗ ಬೀಳುತ್ತೆ ಗುಬ್ಬಿ. ಕೆಳಸೀಮೆಯವರಿಗೆ ಹೊಗೆ ಬೇಡ, ಸಿಮೆಂಟ್ ಬೇಕು. ಹೊಗೆ ಕಾಣದ ಹಾಗೆ ಕೊಟ್ವಿ. ಅದನ್ನ ಕುಡಿದವರು ನಾವು ತಾನೇ? ಅವರಿಗೇನು ಕಷ್ಟ ಆಯ್ತು?"

"ಒಬ್ಬ ಸತ್ತ."

ಮೇಲೆ ಎಲ್ಲೋ ಉಕ್ಕು ಟಣ್ ಎಂದಿತು. ಅಣ್ಣ ಬೆಚ್ಚಿ ತಲೆಯೆತ್ತಿದ. ತನ್ನ ಮಾತಿಗೆ ಬೆಚ್ಚದವನು ಆ ಸದ್ದಿಗೆ ಬೆಚ್ಚಿದ್ದು ಕಂಡು ಅವಳಿಗೆ ಸಿಟ್ಟು ಉಕ್ಕಿತು. ಜೊತೆಗೇ, ಅಪ್ಪನದೇ ಪಡಿಯಚ್ಚು ಇವನು ಎಂದು ಕರುಳು ಚುರುಕ್ಕೆಂದಿತು.

"ಬೆನ್ನು ಬಾಗ್ತಾ ಇದೆ," ಎಂದ ಅಣ್ಣ. "ನಿನ್ನ ಕಾಲು ಹಿಡೀತೀನಿ. ಒಂದೇ ಒಂದ್ಸಲ ತಿರುಗಿಸಿಬಿಡ್ತೀನಿ, ಆಮೇಲೆ ಬೇಡಿ ಹಾಕು."

"ಮೊದಲು ಹೇಳು, ಆಮೇಲೆ ತಿರುಗಿಸು."

"ಗುಬ್ಬೀ!"

"ಗಡಿ ಹತ್ತಿರ ಒಬ್ಬ ಡ್ರೈವರ್ ಬೇಡಿ ಹಾಕ್ಕೊಂಡು ಕೂತಿದ್ದಾನೆ. ಅವನ ಹೆಂಡತಿ ನನ್ನ ಠಾಣೆ ಮೆಟ್ಟಿಲ ಮೇಲಿದ್ದಾಳೆ. ಅತ್ತಿಗೆಯನ್ನ ಅಲ್ಲಿ ಕೂರಿಸಿ ಒಂದ್ಸಲ ಯೋಚನೆ ಮಾಡು. ಹೇಳು."

ಅಣ್ಣ ಗೋಡೆಗೆ ಒರಗಿದ. ಹೇಳತೊಡಗಿದಾಗ ಅವನ ದನಿ ಇಳಿದಿತ್ತು.

"ಮೊನ್ನೆ ಸಂಜೆ ಹೊತ್ತಲ್ಲಿ ಹೊಗೆ ಸಾಹೇಬ್ರು ಬಂದ್ರು. ಯಾವ ಕಡೆಯಿಂದ ನುಸುಳಿದ್ರೋ ಗೊತ್ತಿಲ್ಲ. ನಾನು ಬೆಂಕಿ ಮುಂದೆ ಇದ್ದೆ. ಬೈತಾರೆ, ಕೂಗಾಡ್ತಾರೆ ಅಂದ್ಕೊಂಡೆ. ಸುಮ್ನೆ ನಿಂತು ನೋಡಿದ್ರು. ಎಷ್ಟು ಚೆನ್ನಾಗಿ ಉರೀತಿದೆ ಅಂದ್ರು. ಒಂದ್ಸಲ ನಂಗೂ ಕೊಡಿ ಅಂತ ಕೈ ಚಾಚಿದ್ರು. ನೀಲಿ ಗಾಜು ನಾನೇ ಕೊಟ್ಟೆ."

"ಆಮೇಲೆ?"

"ಕಂಡಿ ಹತ್ರ ಮುಖ ಇಟ್ಟು ನೋಡ್ತಿದ್ರು. ಆಗ ಹೊಗೆ ಎಳೆಯೋ ಫ್ಯಾನ್ ನಿಂತುಹೋಯ್ತು. ಅದು ನಿಂತ್ರೆ ಒಳಗಿನ ಗಾಳಿ ಎಲ್ಲ ಮುಂದಕ್ಕೇ ಉಗುಳುತ್ತೆ. ಫ್ಯಾನ್ ಹಾಕ್ರೋ ಅಂತ ಕೂಗ್ತಾ ನಾನು ಹೊರಗೆ ಓಡಿದೆ. ಅವರಿಗೆ ಓಡ್ಬೇಕು ಅಂತ ಗೊತ್ತಿರ್ಲಿಲ್ಲ ಗುಬ್ಬಿ. ನಾನೂ ಹೇಳ್ಲಿಲ್ಲ. ಕೈ ಹಿಡಿದು ಎಳ್ಕೊಂಡು ಬಂದಿದ್ರೆ ಉಳ್ಕೋತಿದ್ರು."

"ಫ್ಯಾನ್ ನಿಂತದ್ದು ಹೇಗೆ?"

"ಅದರ ಸ್ವಿಚ್ಚು ಮೇಲಿನ ಕೋಣೆಯಲ್ಲಿದೆ. ಯಾರಿದ್ರು ಅಂತ ನಂಗೊತ್ತಿಲ್ಲ. ಅಪ್ಪನ ಆಣೆ."

ಅವಳು ನಂಬಿದಳು. ನಂಬಿದ್ದಕ್ಕೆ ತನ್ನ ಮೇಲೆ ತನಗೇ ಅನುಮಾನವೂ ಬಂತು.

"ಲಾರಿಗೆ ಹಾಕಿದ್ದು?"

"ನಾನು ತಿರುಗಿ ಬಂದಾಗ ಅವರು ಕೆಳಗೆ ಬಿದ್ದಿದ್ರು. ಪಕ್ಕದಲ್ಲಿ ಒಬ್ಬ ನಿಂತಿದ್ದ. ಕಾಲು ಹಿಡ್ಕೋ ಅಂದ. ಹಿಡ್ಕೊಂಡೆ."

"ಉಸಿರಾಡ್ತಿದ್ರಾ?"

ಅಣ್ಣ ಕೊರಳಿನ ನೀಲಿ ಗಾಜನ್ನು ಹಿಡಿದುಕೊಂಡ.

"ಅಣ್ಣಾ, ಉಸಿರಾಡ್ತಿದ್ರಾ?"

"ಕಾಲು ಬೆಚ್ಚಗಿತ್ತು," ಎಂದ. "ಗೂಡಿನ ಹತ್ರ ಎಲ್ಲಾನೂ ಬೆಚ್ಚಗೇ ಇರುತ್ತೆ. ನಾನು ನೋಡ್ಲಿಲ್ಲ. ನೋಡೋಕೆ ಧೈರ್ಯ ಬರ್ಲಿಲ್ಲ."

ಅವಳು ಚಿಕ್ಕವಳಿದ್ದಾಗ ಇದೇ ಕೈಗಳು ಅವಳನ್ನು ಹೆಗಲಿಗೇರಿಸಿ ಶಾಲೆಗೆ ಒಯ್ದಿದ್ದವು. ಆ ಕೈಗಳ ಕಡೆ ನೋಡಲು ಈಗ ಅವಳಿಗೆ ಆಗಲಿಲ್ಲ.

"ತಲೆ ಕಡೆ ಹಿಡಿದವನು ಯಾರು?"

ಮತ್ತೆ ಉಕ್ಕಿನ ಸದ್ದು, ಈ ಸಲ ಉದ್ದಕ್ಕೆ ನರಳಿದ ಹಾಗೆ. ಅಣ್ಣನ ಕಣ್ಣಲ್ಲಿ ನೀರು ತುಂಬಿತು.

"ಬಿಡೇ, ತಿರುಗಿಸ್ತೀನಿ. ಹೇಳ್ತೀನಿ, ತೋರಿಸ್ತೀನಿ, ಎಲ್ಲಾ ಮಾಡ್ತೀನಿ. ಬಿಡು."

ಅವಳು ಪಕ್ಕಕ್ಕೆ ಸರಿದಳು. ಅವನು ಸ್ವಿಚ್ಚು ಒತ್ತಿದ. ಸಣ್ಣ ಮೋಟರು ಗುಂಯ್‌ಗುಟ್ಟಿತು, ಹಲ್ಲುಗಾಲಿ ಕಚ್ಚಿತು, ತಲೆಯ ಮೇಲೆ ಅಷ್ಟು ದೊಡ್ಡ ಕೊಳವೆ ಗುಡುಗುಡು ಎನ್ನುತ್ತ ಇಷ್ಟಿಷ್ಟೇ ಮಗ್ಗುಲು ಬದಲಿಸತೊಡಗಿತು. ಕೋಣೆಯ ಗೋಡೆಯೇ ಅದುರುತ್ತಿತ್ತು. ಅಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ.

"ಅವನು ಗೂಡಿನ ಕೆಲಸದವನಲ್ಲ, ಮ್ಯಾನೇಜರ್ ಕೋಣೆಗೆ ಆಗಾಗ ಬಂದು ಹೋಗೋನು," ಎಂದ. "ಇಲ್ಲಿಯವನಾಗಿದ್ರೆ ನಮ್ಮ ಹಾಗೆ ಟಯರಿನ ಚಪ್ಪಲಿ ಹಾಕಿರ್ತಿದ್ದ. ಅವನು ಬೂಟು ಹಾಕ್ಕೊಂಡು ಬಿಸಿ ಕ್ಲಿಂಕರ್ ಮೇಲೆ ನಿಂತ. ಅಡಿ ಕರಗಿ ಮೆತ್ಕೊಂಡುಬಿಡ್ತು. ಬೂಟು ಅಲ್ಲೇ ಕಿತ್ತೆಸೆದು, ಪಾದ ಸುಟ್ಕೊಂಡು ಬರಿಗಾಲಲ್ಲಿ ಓಡಿದ. ಬೂಟನ್ನ ಗೂಡಿಗೆ ಹಾಕಿಬಿಡು ಅಂದಿದ್ದ. ನಂಗೆ ಮನಸ್ಸು ಬರ್ಲಿಲ್ಲ."

ಅವನು ಮೋಟರಿನ ಹಿಂದೆ ಕೈ ಹಾಕಿ ಗೋಣಿಯ ಗಂಟೊಂದನ್ನು ಎಳೆದು, ಅವಳ ಕಾಲ ಬಳಿ ಬಿಚ್ಚಿದ.

ಇಲಾಖೆಯ ಕಂದು ಬೂಟುಗಳು. ಅಡಿ ಕರಗಿ, ಅದರಲ್ಲಿ ಕ್ಲಿಂಕರಿನ ಹರಳು ಹುದುಗಿ ಗಟ್ಟಿಯಾಗಿತ್ತು. ಬಲಗಾಲಿನದಕ್ಕೆ ಲೇಸಿರಲಿಲ್ಲ. ಸಣಬಿನ ದಾರವಿತ್ತು.

ಅವಳು ಬಗ್ಗಿ ಆ ದಾರವನ್ನು ಮುಟ್ಟಿ ನೋಡಿದಳು. ಕನ್ನಡಿಯಲ್ಲಿ ಕಂಡವರನ್ನು ಗುರುತು ಹಿಡಿಯುತ್ತೇನೆ ಎಂದು ಡ್ರೈವರ್ ಬೆಳಗ್ಗೆ ಅಂದಾಗ ಆ ಕೋಣೆಯಲ್ಲಿ ಇದ್ದದ್ದು ಮೂವರೇ. ಅವಳು, ಡ್ರೈವರ್, ಅವನ ಬೆನ್ನ ಹಿಂದೆ ಬಾಗಿಲಿಗೆ ಒರಗಿ ನಿಂತ ದಫೇದಾರ. ಹೊರಡು ಎಂದು ಹೇಳಿದವಳು ಅವಳೇ. ಜೀಪಿನ ಬೀಗದ ಕೈಯನ್ನೂ ಬೇಡಿಯ ಬೀಗದ ಕೈಯನ್ನೂ ಕೊಟ್ಟವಳು ಅವಳೇ.

ಫೋನು ತೆಗೆದಳು. ದಫೇದಾರನ ನಂಬರ್ ಒತ್ತಿದಳು. ಆ ಕಡೆ ರಿಂಗಾಗುತ್ತಲೇ ಇತ್ತು, ಕೊನೆಗೆ ದಫೇದಾರ ಎತ್ತಿದ.

"ಅಮ್ಮಾ."

"ಎಲ್ಲಿದ್ದೀಯಾ?"

"ಗಡಿಕಲ್ಲಿನ ಹತ್ರ ಅಮ್ಮಾ."

"ಅಂಗಡಿಯಲ್ಲಿ ನಿಲ್ಲಿಸು ಅಂದಿದ್ನಲ್ಲ."

"ಅಂಗಡಿ ಮುಚ್ಚಿತ್ತು."

ಗಾಳಿಯ ಸದ್ದು ಕೇಳುತ್ತಿತ್ತು. ಬಯಲು ಜಾಗ ಅದು, ಆಚೀಚೆ ಒಂದು ಮನೆಯೂ ಇಲ್ಲ.

"ಡ್ರೈವರ್ ಕೈಗೆ ಫೋನ್ ಕೊಡು."

"ಕೆಳಗಿಳಿದಿದ್ದಾನೆ ಅಮ್ಮಾ. ಮೂತ್ರಕ್ಕೆ ಹೋಗ್ಬೇಕು ಅಂದ."

"ಬೇಡಿ?"

"ಬಿಚ್ಚಿದೀನಿ. ಪಾಪ, ಕೈ ಕಟ್ಟಿದ್ರೆ ಹೇಗೆ ಹೋಗ್ತಾನೆ?"

"ಕೇಳಿಲ್ಲಿ. ಅವನನ್ನ ಜೀಪಿಗೆ ಹತ್ತಿಸು. ಈಗಲೇ ವಾಪಸ್ ಕರ್ಕೊಂಡು ಬಾ. ಇದು ನನ್ನ ಆರ್ಡರ್."

ಮೇಲೆ ಗೂಡು ಇನ್ನೂ ಗುಡುಗುಡು ಎಂದು ಹೊರಳುತ್ತಿತ್ತು. ಅಣ್ಣ ಬೆದರಿ ಸ್ವಿಚ್ಚು ಆರಿಸಿದ, ಆದರೆ ಆಗಲೇ ತಡವಾಗಿತ್ತು.

"ಗೂಡಿನ ಕೆಳಗಿದ್ದೀರಾ ಅಮ್ಮಾ?" ಎಂದು ದಫೇದಾರ ಮೆಲ್ಲಗೆ ಕೇಳಿದ. "ಸದ್ದು ಬರ್ತಾ ಇತ್ತು."

"ನೀನು ಅವನ ಮೈ ಮುಟ್ಟಿದ್ರೆ…"

"ನೀವು ಯೋಚನೆ ಮಾಡ್ಬೇಡಿ ಅಮ್ಮಾ. ಅವನು ಕಲ್ಲು ದಾಟಿ ಆಚೆ ಕಡೆಗೇ ಹೋಗಿದ್ದಾನೆ. ಅಲ್ಲಿ ಏನಾದ್ರೂ ನಮ್ಮ ಲೆಕ್ಕಕ್ಕೆ ಬರಲ್ಲ."

ಅವಳು ಕೂಗಿದಳು. ಅವನ ಹೆಸರು ಹಿಡಿದು, ಮತ್ತೆ ಮತ್ತೆ ಕೂಗಿದಳು. ಫೋನು ಕಟ್ಟಾಗಿರಲಿಲ್ಲ. ಅದನ್ನು ಸೀಟಿನ ಮೇಲೆ ಇಟ್ಟ ಸದ್ದು ಕೇಳಿಸಿತು, ಆಮೇಲೆ ಜೀಪಿನ ಬಾಗಿಲು ತೆರೆದ ಸದ್ದು. ಅದಾದ ಮೇಲೆ ಹೊಸ ಬೂಟುಗಳು ಜಲ್ಲಿಯ ಮೇಲೆ ಒಂದೊಂದೇ ಹೆಜ್ಜೆ ಜೋಪಾನವಾಗಿ ಊರುತ್ತ ದೂರ ಹೋದವು.